ಕಂಟೋನ್ಮೆಂಟ್ ಮಾವನ ಮಂಗಳೂರು ದರ್ಶನ

ಕಂಟೋನ್ಮೆಂಟ್ ಮಾವ ಬೆನ್ಸನ್ ಟೌನ್ ಬಿಟ್ಟು ಹೊರಡುವುದೇ ಅಪರೂಪ. ಹೊರಟರೂ ಊರನ್ನು ಮನೆಯಲ್ಲಿ ಬಿಟ್ಟು ಬರುವವರಲ್ಲ. ನಂದಿದುರ್ಗ ರಸ್ತೆಯ ಮರಗಳು, ಜಯಮಹಲಿನ ಗಾಳಿ, ಕೋಲ್ಸ್ ಪಾರ್ಕಿನ ವಾಕಿಂಗು, ಎಲ್ಲವನ್ನೂ ಹೊತ್ತೇ ರಾತ್ರಿ ಬಸ್ಸು ಹತ್ತುತ್ತಾರೆ. ಇಂಥ ಮಾವ ಪ್ರತಿ ಮನೆತನಕ್ಕೂ ಒಬ್ಬರಿರುತ್ತಾರೆ. ಹೆಸರಿಗೆ ಪ್ರವಾಸ, ಅವರ ಮಟ್ಟಿಗೆ ಅದು ಇನ್‌ಸ್ಪೆಕ್ಷನ್ನು.

ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪಿದ ಕೂಡಲೇ ಮೊದಲ ವರದಿ ಬಂತು: "ಸೆಖೆ ಜಾಸ್ತಿ. ನಮ್ಮಲ್ಲಿ ಮೇ ತಿಂಗಳಲ್ಲೂ ಹೀಗಿರಲ್ಲ." ಮೇ ತಿಂಗಳಲ್ಲಿ ಬೆನ್ಸನ್ ಟೌನಿನಲ್ಲಿ ಎರಡು ಫ್ಯಾನು ಹಾಕಿ ಮಲಗುವ ಅತ್ತೆ ಕಿಟಕಿಯ ಕಡೆ ತಿರುಗಿದರು.

ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಎಲ್ಲರೂ ಕತ್ತೆತ್ತಿ ನಿಂತೆವು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿಡಿಸಲು ಕೂತ ಚಿತ್ರಗಳು ಗೋಡೆ, ಛಾವಣಿಯನ್ನೆಲ್ಲ ತುಂಬಿವೆ. ಮಾವ ಮಾತ್ರ ಕತ್ತೆತ್ತಲಿಲ್ಲ. "ಶಿವಾಜಿನಗರದ ಸೇಂಟ್ ಮೇರೀಸ್‌ಗೆ 1974ರಲ್ಲೇ ಬೆಸಿಲಿಕಾ ಪದವಿ ಸಿಕ್ಕಿದೆ. ಇದಕ್ಕೆ ಸಿಕ್ಕಿದೆಯಾ?" ಎಂದು ಕಾವಲಿನವನನ್ನು ವಿಚಾರಿಸುತ್ತಿದ್ದರು. ಅವನು ಚಪ್ಪಲಿ ಇಡುವ ಜಾಗ ತೋರಿಸಿದ.

ಕದ್ರಿಯಲ್ಲಿ ಸ್ವಲ್ಪ ಪೇಚಾಯಿತು. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹ ಕ್ರಿ.ಶ. 968ರದು. ಹಲಸೂರಿನ ಸೋಮೇಶ್ವರನನ್ನು ಎದುರು ನಿಲ್ಲಿಸಿ ನೋಡಿದರು, ವಯಸ್ಸು ಸಾಲಲಿಲ್ಲ. ಕೊನೆಗೆ, ಬೆಂಗಳೂರಿನ ಹೆಸರಿರುವ ಬೇಗೂರಿನ ಶಾಸನ ಒಂಬತ್ತನೆಯ ಶತಮಾನದ್ದೆಂಬುದು ನೆನಪಾಗಿ ಗೆದ್ದರು. ಕಾರ್ಪೊರೇಷನ್ ಸರ್ಕಲ್ ದಾಟಿದರೆ ಪರದೇಶ ಎನ್ನುವ ಮಾವನಿಗೆ ಅವತ್ತೊಂದು ದಿನ ಬೇಗೂರು ಪಕ್ಕದ ಬೀದಿಯಾಗಿತ್ತು.

ಬಂದರಿನ ಧಕ್ಕೆಯಲ್ಲಿ ಅಂಜಲ್ ಮೀನನ್ನು ಬೆರಳಿನಲ್ಲಿ ಒತ್ತಿ ನೋಡಿ, "ರಸೆಲ್ ಮಾರ್ಕೆಟ್‌ನಲ್ಲಿ ಇದಕ್ಕಿಂತ ಫ್ರೆಶ್ ಸಿಗುತ್ತಮ್ಮ" ಎಂದರು. ಮೀನಿನಾಕೆ ತಲೆಯೆತ್ತದೆ, "ಅದು ಇಲ್ಲಿಂದಲೇ ನಿನ್ನೆ ಹೋದದ್ದು ಮಾರಾಯ್ರೆ" ಎಂದಳು. ಮಾವ ಬೆರಳು ಒರೆಸಿಕೊಂಡರು.

ಬೋಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಕಾದಿತ್ತು. ಇಂಗ್ಲಿಷರ ಯುದ್ಧನೌಕೆಗಳು ಗುರುಪುರ ನದಿಯೊಳಕ್ಕೆ ನುಗ್ಗದಿರಲೆಂದು ಟಿಪ್ಪು 1784ರಲ್ಲಿ ಕರಿಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. "ಇಷ್ಟೇನಾ? ನಮ್ಮ ವಾಟರ್ ಟ್ಯಾಂಕೇ ಇದಕ್ಕಿಂತ ಎತ್ತರ" ಎಂದು ಮಾವ ಶುರು ಮಾಡುವಷ್ಟರಲ್ಲಿ, ಪರೀಕ್ಷೆಗೆ ಓದುತ್ತಿದ್ದ ಸೊಸೆ ಬಾಯಿ ಹಾಕಿದಳು. 1799ರಲ್ಲಿ ಟಿಪ್ಪು ಬಿದ್ದ. ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣದ ಸೊಳ್ಳೆ, ಜ್ವರ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಂದು ದಂಡು ಹೂಡಿತು. "ಅಂದರೆ ಮಾವ, ಟಿಪ್ಪು ಗೆದ್ದಿದ್ದರೆ ದಂಡೂ ಇಲ್ಲ, ಬೆನ್ಸನ್ ಟೌನೂ ಇಲ್ಲ. ನೀವು ಬಸವನಗುಡಿಯವರಾಗಿರುತ್ತಿದ್ದಿರಿ."

ಮಾವ ಅಲ್ಲಿದ್ದ ಕಲ್ಲಿನ ಮೇಲೆ ಕೂತರು. ಗಡ್‌ಬಡ್ ಐಸ್‌ಕ್ರೀಮಿನ ಎತ್ತರದ ಗ್ಲಾಸು ಖಾಲಿಯಾಗುವವರೆಗೆ ಮಾತಾಡಲಿಲ್ಲ. ಖಾಲಿಯಾದ ಮೇಲೆ, "ಜೆಲ್ಲಿ ಜಾಸ್ತಿ ಆಯ್ತು" ಎಂದರು. ಅತ್ತೆಗೆ ಜೀವ ಬಂತು.

ಸಂಜೆ ಜೆಪ್ಪಿನ ಕಡೆ ಒಂದು ಹಳೆಯ ಮನೆ ಕೆಡವುತ್ತಿದ್ದರು. ಅಂಗಳದಲ್ಲಿ ಹೆಂಚಿನ ರಾಶಿ. ಮಾವ ಒಂದನ್ನೆತ್ತಿ ಅಂಗೈಯಲ್ಲಿ ಒರೆಸಿದರೆ ಬಾಸೆಲ್ ಮಿಷನ್ನಿನ ಮುದ್ರೆ. 1865ರಲ್ಲಿ ಆ ಮಿಷನ್ನಿನವರು ಇಲ್ಲೇ ಕಾರ್ಖಾನೆ ಹಾಕಿ, ನದಿ ಬಯಲಿನ ಜೇಡಿಯನ್ನು ಅಚ್ಚಿಗೊತ್ತಿ, ಸುಟ್ಟು, ಊರೂರಿಗೆ ಕಳಿಸಿದವರು. ಬೆನ್ಸನ್ ಟೌನಿನ ತಮ್ಮ ಬಂಗಲೆಯ ಹೆಂಚನ್ನು 'ಅಪ್ಪಟ ಕಂಟೋನ್ಮೆಂಟ್ ಹೆಂಚು' ಎಂದು ಬಂದವರಿಗೆಲ್ಲ ತೋರಿಸುವುದು ಮಾವನ ಪದ್ಧತಿ. ಮಳೆಗಾಲದ ಮುಂಚೆ ಏಣಿ ಹತ್ತಿ ಅದನ್ನು ಸರಿಮಾಡುವವರೂ ಅವರೇ. ಮುದ್ರೆಯ ಗುರುತು ಹತ್ತದೆ ಇರುತ್ತದೆಯೇ!

ನಾವೆಲ್ಲ ಉಸಿರು ಬಿಗಿಹಿಡಿದೆವು. ಕಂಟೋನ್ಮೆಂಟ್ ಶರಣಾಗುವ ಮುಹೂರ್ತ ಬಂತೆಂದುಕೊಂಡೆವು. ಮಾವ ಹೆಂಚನ್ನು ಜೋಪಾನವಾಗಿ ಕೆಳಗಿಟ್ಟು ಅತ್ತೆಯ ಕಡೆ ತಿರುಗಿದರು.

"ನೋಡಿದೆಯಾ? ಮಂಗಳೂರು ನಮ್ಮ ಮನೆ ಮೇಲೇ ಇದೆ. ಸುಮ್ಮನೆ ಬಸ್‌ಚಾರ್ಜು ದಂಡ."