ಹಲ್ಲಿಲ್ಲದ ಹಿರಿಯರಿಗೆ ಎರೆ

ಕೆನಡಾದ ಫ್ರೇಸರ್ ನದಿಯ ಬಿಳಿ ಸ್ಟರ್ಜನ್ ಮೀನಿಗೆ ಹಲ್ಲಿಲ್ಲ. ಬಾಯಿ ಮೂತಿಯ ಅಡಿಯಲ್ಲಿದೆ. ಅದನ್ನು ಕೆಳಕ್ಕೆ ಚಾಚಿ ನದೀತಳದಲ್ಲಿ ಬಿದ್ದದ್ದನ್ನು ಹೀರಿಕೊಳ್ಳುತ್ತದೆ. ಬಾಯಿಯ ಮುಂದೆ ನಾಲ್ಕು ಮೀಸೆ. ಕದಡಿದ ನೀರಿನಲ್ಲಿ ಕಣ್ಣು ಅಷ್ಟಕ್ಕಷ್ಟೇ. ವಾಸನೆ ಮತ್ತು ಮೀಸೆಯೇ ಗತಿ. ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಇದಕ್ಕಿಂತ ದೊಡ್ಡ ಮೀನಿಲ್ಲ, ಆಯಸ್ಸು ನೂರನ್ನೂ ದಾಟಬಲ್ಲದು. ಇಂಥ ಹಿರಿಯರನ್ನು ಊಟಕ್ಕೆ ಕರೆಯುವ ಕ್ರಮ ಬ್ರಿಟಿಷ್ ಕೊಲಂಬಿಯಾದ ಮಿಷನ್, ಚಿಲ್ಲಿವ್ಯಾಕ್, ಹೋಪ್ ಊರುಗಳ ಆಸುಪಾಸಿನಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಬಂದ ಅತಿಥಿಯನ್ನು ತಿನ್ನುವಂತಿಲ್ಲ, ಅಷ್ಟೇ. 1994ರಿಂದ ಅಲ್ಲಿ ಹಿಡಿದ ಸ್ಟರ್ಜನ್ನನ್ನು ನದಿಗೆ ವಾಪಸ್ ಬಿಡಲೇಬೇಕು.

ಗಾಳದ ಮುಖ್ಯ ದಾರ ನೂರು ಪೌಂಡಿನ ಆಸುಪಾಸಿನ ಎಳೆತ ತಾಳುವಂಥದ್ದು. ಅದರ ಮೇಲೆ ಆಚೀಚೆ ಜಾರುವ ಒಂದು ಪ್ಲಾಸ್ಟಿಕ್ ಕೊಳವೆ, ಕೊಳವೆಗೆ ತೂಗುಬಿಟ್ಟ ಸೀಸದ ಗುಂಡು. ನಂತರ ಒಂದು ಮಣಿ, ದಾರ ಹುರಿಗೊಳ್ಳದಂತೆ ತಿರುಗುವ ಸ್ವಿವೆಲ್, ಅಲ್ಲಿಂದ ಮುಂದೆ ಸುಮಾರು ಎರಡಡಿ ಮೆತ್ತನೆಯ ದಪ್ಪ ದಾರ, ತುದಿಗೆ ಹಿಮ್ಮುಳ್ಳಿಲ್ಲದ ಒಂದೇ ಒಂದು ಕೊಕ್ಕೆ. ಗುಂಡು ಜಾರುವ ಹಾಗಿರಬೇಕು. ಎರೆ ಎತ್ತಿದ ಕೂಡಲೇ ಸೀಸದ ಭಾರ ಗೊತ್ತಾದರೆ ಮೀನು ಉಗುಳಿ ನಡೆಯುತ್ತದೆ. ಸೆಳವು ಸೌಮ್ಯವಾಗಿದ್ದರೆ ಕಾಲು ಕಿಲೋ ಗುಂಡು ಸಾಕು, ಬೆಟ್ಟದ ಹಿಮ ಕರಗಿ ನದಿ ಉಕ್ಕಿದಾಗ ಅದರ ಎರಡರಷ್ಟೂ ಸಾಲದು. ಹೊಸಬರು ಭಕ್ತಿಯಿಂದ ಗುಂಡಿಗೂ ಅದೇ ನೂರು ಪೌಂಡಿನ ದಾರ ಬಿಗಿಯುತ್ತಾರೆ. ಕೂಡದು. ಗುಂಡಿನ ದಾರ ಎಲ್ಲಕ್ಕಿಂತ ಬಡಕಲಾಗಿರಬೇಕು. ಗುಂಡು ಬಂಡೆಸಂದಿಗೆ ಸಿಕ್ಕಿಬಿದ್ದರೆ ಅದೊಂದೇ ಹರಿದು ಉಳಿದದ್ದು ಮೇಲೆ ಬರುತ್ತದೆ. ಸಾವಿರಾರು ಡಾಲರಿನ ಸರಂಜಾಮಿನಲ್ಲಿ ಬುದ್ಧಿ ಇರುವ ವಸ್ತು ಈ ಹರಿಯುವ ದಾರ ಮಾತ್ರ.

ಎರೆ ನದಿಯ ಪಂಚಾಂಗದಂತೆ ಬದಲಾಗುತ್ತದೆ. ಲ್ಯಾಂಪ್ರೆ ಮೀನಿನ ತುಂಡು, ದಪ್ಪ ಎರೆಹುಳುಗಳ ಗೊಂಚಲು ಬಹುಪಾಲು ಕಾಲಕ್ಕೂ ಆದೀತು. ಸಾಲ್ಮನ್‌ಗಳು ಮೊಟ್ಟೆಯಿಡಲು ನದಿ ಏರುವ ಶರತ್ಕಾಲದಲ್ಲಿ ಸ್ಟರ್ಜನ್‌ಗೆ ಅವುಗಳ ಮೊಟ್ಟೆಯೇ ಹಬ್ಬದೂಟ. ತೊಂದರೆಯೇನೆಂದರೆ, ಈ ಮೊಟ್ಟೆ ಕೊಕ್ಕೆಯ ಮೇಲೆ ನಿಲ್ಲುವುದಿಲ್ಲ. ಮುಟ್ಟಿದರೆ ಒಡೆಯುತ್ತದೆ, ಸೆಳವಿಗೆ ತೊಳೆದುಹೋಗುತ್ತದೆ. ಇದಕ್ಕೆ ಫ್ರೇಸರ್ ತೀರದವರು ಕಂಡುಕೊಂಡ ಪರಿಹಾರ, ಹೆಂಗಸರು ಕಾಲಿಗೆ ತೊಡುವ ನೈಲಾನ್ ಸ್ಟಾಕಿಂಗ್ಸ್.

ಸ್ಟಾಕಿಂಗ್ಸ್ ಖರೀದಿಯ ಬಗ್ಗೆ ಮೀನುಗಾರಿಕೆಯ ಪುಸ್ತಕಗಳು ಅನ್ಯಾಯವಾಗಿ ಮೌನವಹಿಸಿವೆ. ಹೊಸಬ ಅಂಗಡಿಯಲ್ಲಿ ಮೊದಲು ಬ್ರೆಡ್ಡು ತೆಗೆದುಕೊಳ್ಳುತ್ತಾನೆ. ಆಮೇಲೆ ಬೇಡದ ಬಲ್ಬು, ಬೇಡದ ಬಿಸ್ಕತ್ತು. ಹೆಂಗಸರ ವಿಭಾಗದ ಮುಂದೆ ಯಾವುದೋ ಫೋನ್ ಬಂದವನಂತೆ ಸುಳಿದಾಡುತ್ತಾನೆ. ಅಲ್ಲಿ ನೂರೆಂಟು ಬಗೆ: ಕಪ್ಪು, ಕಂದು, ಮೈಬಣ್ಣ, ತೆಳು, ದಪ್ಪ, ಮಂಡಿವರೆಗಿನದು, ಸೊಂಟದವರೆಗಿನದು. ಮೀನಿಗೆ ಬಣ್ಣ ಮುಖ್ಯವಲ್ಲ, ವಾಸನೆ ಸೋರುವಷ್ಟು ತೆಳುವಾಗಿದ್ದರೆ ಸಾಕು ಎಂದು ತಿಳಿದಿದ್ದರೂ ಅವನು ಕಂದೋ ಮೈಬಣ್ಣವೋ ಎಂದು ಬೆವರುತ್ತಾನೆ. ಪ್ಯಾಕೆಟ್ಟಿನ ಹಿಂದೆ ಎತ್ತರ, ತೂಕದ ಕೋಷ್ಟಕವಿರುತ್ತದೆ. ಅದನ್ನೂ ಓದುತ್ತಾನೆ, ಹತ್ತಡಿ ಎತ್ತರದವರಿಗೆ ಅದರಲ್ಲಿ ಜಾಗವಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದನ್ನು ಬ್ರೆಡ್ಡಿನ ಅಡಿಗೆ ತೂರಿಸಿ, ಕೌಂಟರಿನಲ್ಲಿ ಹೇಳಬೇಕಾದ ಸಮಜಾಯಿಷಿಯನ್ನು ಮನಸ್ಸಿನಲ್ಲೇ ಉರುಹಚ್ಚುತ್ತ ಸಾಲಿನಲ್ಲಿ ನಿಲ್ಲುತ್ತಾನೆ. ಕೌಂಟರಿನ ಹುಡುಗಿ ಚಿಲ್ಲಿವ್ಯಾಕ್‌ನವಳು. ತಲೆಯೆತ್ತದೆ ಪ್ಯಾಕೆಟ್ಟನ್ನು ಯಂತ್ರಕ್ಕೆ ತೋರಿಸಿ, "ಮೊಟ್ಟೆ ಸಿಕ್ಕಿತಾ?" ಎಂದಷ್ಟೇ ಕೇಳುತ್ತಾಳೆ. ಸೀಸನ್ನಿನಲ್ಲಿ ಊರಿನ ಅರ್ಧ ಗಂಡಸರು ಅವಳ ಮುಂದೆ ಇದೇ ಪ್ಯಾಕೆಟ್ಟು ಇಟ್ಟಿರುತ್ತಾರೆ. ಇಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಉರುಹಚ್ಚಿದ್ದು ವ್ಯರ್ಥವಾಗಬಾರದಲ್ಲ. ಹಿಂದೆ ನಿಂತವರು ನಿಟ್ಟುಸಿರು ಬಿಡುತ್ತಿದ್ದರೂ ಹೊಸಬ ಸಮಜಾಯಿಷಿಯನ್ನು ಮೊದಲಿನಿಂದ ಕೊನೆಯವರೆಗೂ ಒಪ್ಪಿಸುತ್ತಾನೆ.

ಮನೆಗೆ ಬಂದ ಮೇಲೆ ಕೆಲಸ ಸುಲಭ. ಸ್ಟಾಕಿಂಗ್ಸ್ ಕತ್ತರಿಸಿ, ಮುಷ್ಟಿಯೊಳಗೆ ಅಡಗುವಷ್ಟು ಮೊಟ್ಟೆ ಇಟ್ಟು, ಹಿಗ್ಗುವ ದಾರದಿಂದ ಬಾಯಿ ಸುತ್ತಿದರೆ ಗಂಟು ಸಿದ್ಧ. ಅದನ್ನು ಕೊಕ್ಕೆಗೆ ಸಿಕ್ಕಿಸುವಾಗ ಮೊನೆ ಹೊರಗೆ ಕಾಣುತ್ತಿರಬೇಕು. ಮನೆಯವರ ಹಳೆಯ, ಎಳೆ ಬಿಟ್ಟ ಸ್ಟಾಕಿಂಗ್ಸ್ ಆದರೂ ನಡೆಯುತ್ತದೆ, ಕೇಳಿ ತೆಗೆದುಕೊಂಡರೆ.

ಎರೆಯನ್ನು ತಳಕ್ಕೆ ಬಿಟ್ಟ ಮೇಲೆ ಕಾಯುವುದು. ಇಷ್ಟು ದೊಡ್ಡ ಮೀನು ಗಾಳದ ಕೋಲಿನ ತುದಿಯನ್ನು ಒಂದೆರಡು ಸಲ ನಾಜೂಕಾಗಿ ತಗ್ಗಿಸುತ್ತದೆ, ಅಷ್ಟೇ. ಆಗ ಜಗ್ಗಿದರೆ ಕೊಕ್ಕೆ ಬರಿದಾಗಿ ಬರುತ್ತದೆ. ತುದಿ ಬಾಗಿ ಬಾಗಿಯೇ ಉಳಿದಾಗ ಜಗ್ಗಬೇಕು. ಅಲ್ಲಿಂದಾಚೆ ಮೀನಿನದ್ದೇ ಯಜಮಾನಿಕೆ: ಓಡುತ್ತದೆ, ತಳಕ್ಕೆ ಅಂಟುತ್ತದೆ, ಕೆಲವೊಮ್ಮೆ ಇಡೀ ಮೈಯನ್ನು ನೀರಿನಿಂದ ಮೇಲಕ್ಕೆ ಎಸೆಯುತ್ತದೆ. ದಾರ ಸಡಿಲಬಿಡದಿರುವುದೊಂದೇ ಹೊಸಬನ ಪಾಲಿನ ಕೆಲಸ, ಕೊಕ್ಕೆಗೆ ಹಿಮ್ಮುಳ್ಳಿಲ್ಲ.

ದೋಣಿ ಅಥವಾ ದಡದ ಪಕ್ಕಕ್ಕೆ ಬಂದ ಮೀನು ನೀರಿನಲ್ಲೇ ಇರಬೇಕು. ಫೋಟೋಗೆಂದು ಅದನ್ನು ತೊಡೆಯ ಮೇಲೆ ಎಳೆದುಕೊಂಡು ಹಲ್ಲು ಕಿರಿಯುವವರು ಇನ್ನೂ ಇದ್ದಾರೆ, ಮತ್ತು ಅವರನ್ನು ನೋಡಿದರೆ ಯಾವ ಜೀವಿಗೆ ಹಲ್ಲಿರಬಾರದಿತ್ತು ಎಂಬ ಅನುಮಾನ ಬರುತ್ತದೆ. ಸ್ಟರ್ಜನ್‌ನ ಅಸ್ಥಿಪಂಜರ ಬಹುಪಾಲು ಮೃದ್ವಸ್ಥಿ. ನೀರಿನ ಆಸರೆ ತಪ್ಪಿದರೆ ಅದರ ತೂಕವೇ ಒಳಗಿನ ಅಂಗಗಳನ್ನು ಅದುಮುತ್ತದೆ. ಹೆಣ್ಣು ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಇಪ್ಪತ್ತು ವರ್ಷದ ಆಸುಪಾಸಾಗಿರುತ್ತದೆ, ಆಮೇಲೂ ಪ್ರತಿ ವರ್ಷ ಇಡುವುದಿಲ್ಲ. 19ನೇ ಶತಮಾನದ ಕೊನೆಯಲ್ಲಿ ವ್ಯಾಪಾರಕ್ಕಾಗಿ ನಡೆದ ಬೇಟೆ ಕೆಲವೇ ವರ್ಷಗಳಲ್ಲಿ ಈ ನದಿಯನ್ನು ಬರಿದು ಮಾಡಿತ್ತು. ಅದು ಇನ್ನೂ ಪೂರ್ತಿ ತುಂಬಿಕೊಂಡಿಲ್ಲ.

ತರಬೇತಿ ಪಡೆದ ಸ್ವಯಂಸೇವಕರು ಜೊತೆಗಿದ್ದರೆ ಮೀನಿನ ತಲೆಯ ಹಿಂದೆ ಸ್ಕ್ಯಾನರ್ ಹಿಡಿಯುತ್ತಾರೆ. ಚರ್ಮದಡಿಯ ಪುಟ್ಟ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಅದರದ್ದೇ ನಂಬರಿರುತ್ತದೆ, ಆಧಾರ್ ಇದ್ದ ಹಾಗೆ. ಹಿಂದೆ ಎಲ್ಲಿ, ಯಾವಾಗ, ಎಷ್ಟು ಉದ್ದವಿದ್ದಾಗ ಸಿಕ್ಕಿತ್ತು ಎಂಬುದು ಅದರಿಂದ ತಿಳಿಯುತ್ತದೆ. ಅಳತೆ ಬರೆದುಕೊಂಡು, ಇಕ್ಕಳದಿಂದ ಕೊಕ್ಕೆ ಬಿಡಿಸಿ, ತಾನಾಗಿ ಈಜುವವರೆಗೆ ಅದರ ಮೂತಿಯನ್ನು ಸೆಳವಿಗೆ ಎದುರಾಗಿ ಹಿಡಿದಿದ್ದು ಬಿಡಬೇಕು. ನಂತರ ದಾರವನ್ನು ಬೆರಳಿನಿಂದ ಸವರಿ ನೋಡಬೇಕು. ಮೀನಿನ ಮೈಯ ಉದ್ದಕ್ಕೂ ಐದು ಸಾಲು ಚೂಪು ಫಲಕಗಳಿವೆ. ಅವಕ್ಕೆ ಉಜ್ಜಿ ಕೊನೆಯ ಒಂದೆರಡು ಮೀಟರ್ ಒರಟಾಗಿದ್ದರೆ ಕತ್ತರಿಸಿ ಎಸೆದು ಕೊಳವೆ, ಮಣಿ, ಸ್ವಿವೆಲ್‌ಗಳನ್ನು ಮತ್ತೆ ಕಟ್ಟಿಕೊಳ್ಳಬೇಕು.