ಗೋಡೆಗೆ ಬಿಗಿದ ಶಾಂಪೂ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೇ ಸೂಟ್‌ಕೇಸ್ ಇದೆ. ಅದರಲ್ಲಿ ಬಟ್ಟೆಯಿಲ್ಲ, ಸೈಟಿನ ಪತ್ರವಿಲ್ಲ, ಹೆಂಡತಿ ಅನುಮಾನಪಡುವಂಥ ಹಳೇ ಕಾಗದಗಳಂತೂ ಇಲ್ಲವೇ ಇಲ್ಲ. ಮುಚ್ಚಳ ತೆಗೆದರೆ ಬೆಳಗಾವಿ, ಕಲಬುರಗಿ, ಮಂಗಳೂರು, ಎಲ್‌ಟಿಸಿಯಲ್ಲಿ ಹೋಗಿಬಂದ ಜೈಪುರ, ಗ್ಯಾಂಗ್ಟಕ್, ಎಲ್ಲ ಊರಿನ ಬಚ್ಚಲಮನೆಗಳೂ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಪಿ.ಎಫ್. ಬಿಟ್ಟರೆ ನನ್ನ ನೌಕರಿಯ ನಿಜವಾದ ಉಳಿತಾಯ ಅದೇ.

ಬ್ಯಾಂಕಿನಲ್ಲಿ ನಾನಿದ್ದದ್ದು ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಹಗಲು ಯಾವುದೋ ಶಾಖೆಯ ಲೆಕ್ಕದಲ್ಲಿ ಏಳು ರೂಪಾಯಿ ತಾಳೆಯಾಗದಿದ್ದರೆ ಮ್ಯಾನೇಜರಿಗೆ ನೀರು ಕುಡಿಸಿ, ರಾತ್ರಿ ರೂಮಿಗೆ ಬಂದು ಬೆರಳುದ್ದದ ಶಾಂಪೂ ಬಾಟಲಿಯನ್ನು ಬನಿಯನ್ನಿನೊಳಗೆ ಸುತ್ತಿಡುತ್ತಿದ್ದೆ. ಇದಕ್ಕೊಂದು ಪದ್ಧತಿಯೂ ಇತ್ತು. ಮೊದಲನೇ ದಿನದ ಸೋಪು, ಶಾಂಪೂ, ಬಾಚಣಿಗೆ ಎಲ್ಲವನ್ನೂ ಬೆಳಗ್ಗೆ ಏಳುವ ಮುಂಚೆಯೇ ಪೆಟ್ಟಿಗೆಗೆ ಸೇರಿಸಿಬಿಡಬೇಕು. ಮಧ್ಯಾಹ್ನ ರೂಮ್ ಬಾಯ್ ಬಂದು ‘ಖಾಲಿಯಾಗಿದೆ’ ಅಂದುಕೊಂಡು ಹೊಸದನ್ನಿಡುತ್ತಾನೆ. ಸ್ನಾನಕ್ಕೆ ಮನೆಯಿಂದ ಒಯ್ದ ಮೈಸೂರ್ ಸ್ಯಾಂಡಲ್ ಇದ್ದೇ ಇರುತ್ತಿತ್ತು. ಹೀಗೆ ನಾಲ್ಕು ದಿನದ ಇನ್‌ಸ್ಪೆಕ್ಷನ್‌ಗೆ ನಾಲ್ಕು ಜೊತೆ. ಏಳು ರೂಪಾಯಿಯ ಮ್ಯಾನೇಜರಿಗೆ ಇದು ಗೊತ್ತಾಗಿದ್ದರೆ ನನ್ನ ರಿಪೋರ್ಟಿಗೆ ಮೂರು ಕಾಸಿನ ಬೆಲೆ ಉಳಿಯುತ್ತಿರಲಿಲ್ಲ.

ಹಾಗಂತ ಆಸೆಬುರುಕನೆಂದು ನನ್ನೊಬ್ಬನನ್ನೇ ಜರೆಯಬೇಡಿ. ನನ್ನ ತಲೆಮಾರಿಗೆ ಹೋಟೆಲ್ ಎಂದರೆ ಮಸಾಲೆ ದೋಸೆ. ಮಲಗುವ ಜಾಗಕ್ಕೆ ಲಾಡ್ಜ್ ಅನ್ನುತ್ತಿದ್ದೆವು. ಲಾಡ್ಜಿನಲ್ಲಿ ಸೋಪು ಕೇಳಿದರೆ ಹುಡುಗ ಅಂಗಡಿಯಿಂದ ತಂದುಕೊಟ್ಟು ಚಿಲ್ಲರೆಯನ್ನು ತಾನೇ ಇಟ್ಟುಕೊಳ್ಳುತ್ತಿದ್ದ. ಅಂಥ ಕಾಲದಿಂದ ಬಂದವನ ಮುಂದೆ ಪುಕ್ಕಟೆ ಸೋಪು, ಅದೂ ಕಾಗದದ ಅಂಗಿ ತೊಟ್ಟು ಮದುವಣಗಿತ್ತಿಯ ಹಾಗೆ ಕೂತಿದ್ದರೆ ಕೈ ಸುಮ್ಮನಿರುತ್ತದೆಯೇ?

ತಂದದ್ದನ್ನು ಬಳಸಿದ್ದುಂಟಾ ಎಂದರೆ, ಇಲ್ಲ. ‘ಯಾವತ್ತಾದರೂ ಬೇಕಾಗುತ್ತೆ’ ಎಂಬ ಆ ‘ಯಾವತ್ತಾದರೂ’ ಇನ್ನೂ ಬಂದಿಲ್ಲ. ಒಮ್ಮೆ ತಂಗಿಯ ಮಗ ಬಂದಾಗ ಧಾರಾಳವಾಗಿ ಒಂದು ಸೋಪು ಬಿಚ್ಚಿಕೊಟ್ಟೆ. ಅರ್ಧ ಗಂಟೆ ತಿಕ್ಕಿಯೂ ನೊರೆ ಬರಲಿಲ್ಲವಂತೆ. “ಮಾಮ, ಇದು ಸೋಪಾ ಸೀಮೆಸುಣ್ಣನಾ?” ಎಂದು ಬಚ್ಚಲಿಂದಲೇ ಕೂಗಿದ. ಹೆಂಡತಿಗೆ ಉಪಯೋಗಕ್ಕೆ ಬಂದದ್ದು ಶವರ್ ಕ್ಯಾಪ್ ಒಂದೇ. ದೋಸೆಹಿಟ್ಟಿನ ಪಾತ್ರೆಗೆ, ಮೊಸರಿನ ಬಟ್ಟಲಿಗೆ, ಫ್ರಿಜ್ಜಿನಲ್ಲಿಟ್ಟ ಅರ್ಧ ಹೋಳು ತೆಂಗಿನಕಾಯಿಗೆ ಅದರ ಹಾಗೆ ಕೂರುವ ಮುಚ್ಚಳ ಇನ್ನೊಂದಿಲ್ಲ. ನಮ್ಮ ಫ್ರಿಜ್ ತೆಗೆದರೆ ಯಾರೋ ನಾಲ್ಕೈದು ಜನ ಹೆಂಗಸರು ಸ್ನಾನಕ್ಕೆ ಇಳಿದಂತೆ ಕಾಣುತ್ತದೆ.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ವರ್ಷ ಮಗ ನಮ್ಮಿಬ್ಬರನ್ನೂ ಅಮೆರಿಕಕ್ಕೆ ಕರೆಸಿಕೊಂಡ. ಅವನಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಅಲ್ಲಿಂದ ಲಾಸ್ ಏಂಜಲೀಸ್ ನೋಡಿಬರಲು ಕಾರಿನಲ್ಲಿ ಹೊರಟಾಗ ನಾನು ಒಂದು ಕೈಚೀಲವನ್ನು ಖಾಲಿಯಾಗಿಯೇ ಇಟ್ಟುಕೊಂಡಿದ್ದೆ. ಬೆಳಗಾವಿಯಲ್ಲೇ ಅಷ್ಟು ಕೊಟ್ಟವರು, ಅಮೆರಿಕದಲ್ಲಿ ಇನ್ನೆಷ್ಟು ಕೊಟ್ಟಾರು!

ರೂಮಿಗೆ ಹೋದವನೇ ಬಚ್ಚಲಿನ ದೀಪ ಹಾಕಿದೆ. ಸಿಂಕಿನ ಪಕ್ಕದಲ್ಲಿ ಏನೂ ಇಲ್ಲ. ಕನ್ನಡಿಯ ಹಿಂದೆ ನೋಡಿದೆ, ಟವೆಲ್ ಎತ್ತಿ ನೋಡಿದೆ, ಬಗ್ಗಿ ಕಸದ ಡಬ್ಬಿಯನ್ನೂ ನೋಡಿದೆ. ಶವರಿನ ಕೆಳಗೆ ಗೋಡೆಗೆ ಮೂರು ದಪ್ಪ ಬಾಟಲಿಗಳನ್ನು ಕಬ್ಬಿಣದ ಪಟ್ಟಿ ಹಾಕಿ ಬಿಗಿದಿದ್ದರು. ಆ ಪಟ್ಟಿಗೊಂದು ಬೀಗ. ನಮ್ಮ ಕಡೆ ರೈಲಿನಲ್ಲಿ, ನೀರಿನ ಅರವಟ್ಟಿಗೆಯಲ್ಲಿ ಲೋಟಕ್ಕೆ ಸರಪಳಿ ಹಾಕುವುದನ್ನು ಕಂಡಿದ್ದೆ. ಶಾಂಪೂಗೆ ಬೇಡಿ ಹಾಕಿದ್ದು ಅದೇ ಮೊದಲು ಕಂಡದ್ದು.

ಸರಿ, ತರುವುದಕ್ಕಿಲ್ಲದಿದ್ದರೂ ಸ್ನಾನಕ್ಕಾದರೂ ಆಯಿತಲ್ಲ ಅಂತ ಸಮಾಧಾನ ಮಾಡಿಕೊಂಡು ಮರುದಿನ ಬೆಳಗ್ಗೆ ಒಳಗೆ ಹೋದೆ. ಇಲ್ಲೊಂದು ಪ್ರಶ್ನೆ ಇದೆ, ಇದನ್ನು ಯಾವ ಪರಿಸರವಾದಿಯೂ ಎತ್ತಿದ್ದನ್ನು ನಾನು ಕಾಣೆ: ಕನ್ನಡಕ ಹಾಕಿಕೊಂಡು ಸ್ನಾನ ಮಾಡುವವರು ಲೋಕದಲ್ಲಿ ಯಾರಿದ್ದಾರೆ? ಮೂರೂ ಬಾಟಲಿ ಒಂದೇ ಬಣ್ಣ, ಒಂದೇ ಎತ್ತರ. ಹೆಸರು ಬರೆದ ಅಕ್ಷರವೋ ಸಾಸಿವೆಕಾಳಿಗಿಂತ ಸಣ್ಣದು. ಅಂದಾಜಿನ ಮೇಲೆ ನಡುವಿನದನ್ನು ಒತ್ತಿ ಮೈಗೆ ಹಚ್ಚಿಕೊಂಡೆ. ನೊರೆ ಬರಲಿಲ್ಲ. ಇನ್ನಷ್ಟು ಒತ್ತಿದೆ. ತೊಳೆದರೂ ಹೋಗಲಿಲ್ಲ. ಹರಳೆಣ್ಣೆ ಹಚ್ಚಿಕೊಂಡವನ ಹಾಗೆ ಅಡಿಯಿಂದ ಮುಡಿಯವರೆಗೂ ಜಾರತೊಡಗಿದೆ. ಟಬ್ಬಿನಲ್ಲಿ ನಿಲ್ಲಲಾರದೆ ಕಂಬಿ ಹಿಡಿದುಕೊಂಡು, “ಲೇ, ಸೀಗೆಪುಡಿ ಏನಾದರೂ ತಂದಿದ್ದೀಯಾ?” ಎಂದು ಕೂಗಿದೆ.

“ಅಮೆರಿಕಕ್ಕೆ ಬಂದು ಸೀಗೆಪುಡಿ ಯಾಕ್ರೀ ನಿಮಗೆ?”

ಅಷ್ಟರಲ್ಲಿ ಮಗ ಬಾಗಿಲಾಚೆಯಿಂದ, “ಅಪ್ಪಾ, ಅದು ಕಂಡೀಷನರ್. ತಲೆಕೂದಲಿಗೆ ಹಚ್ಚೋದು” ಎಂದ. ನನಗೆ ಕೂದಲಿರುವುದು ಕಿವಿಯ ಮೇಲೆ ಮಾತ್ರ. ಅಷ್ಟಕ್ಕೆ ಅರ್ಧ ಬಾಟಲಿ ಖರ್ಚಾಗಿತ್ತು.

ಮಾನ ಹೋಗುವುದು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಅವರಿಬ್ಬರೂ ಕಾಫಿಗೆಂದು ಕೆಳಗೆ ಹೋದಾಗ, ಊರಿಂದ ಕೊಬ್ಬರಿ ಎಣ್ಣೆ ತುಂಬಿ ತಂದಿದ್ದ ಬಾಟಲಿ ಖಾಲಿಯಾಗಿತ್ತಲ್ಲ, ಅದನ್ನು ಶಾಂಪೂವಿನ ಮೂತಿಗೆ ಹಿಡಿದು ಒತ್ತುತ್ತ ನಿಂತೆ. ಒಂದು ಒತ್ತಿಗೆ ಬರುವುದು ಅರ್ಧ ಚಮಚ. ನಲವತ್ತೆರಡನೇ ಒತ್ತಿಗೆ ಮಗ ಬಂದು ಹಿಂದೆ ನಿಂತಿದ್ದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹಾಸಿಗೆಯ ಮೇಲೆ ಕೂರಿಸಿಕೊಂಡು, ನಾನು ಅವನಿಗೆ ಮಗ್ಗಿ ಹೇಳಿಕೊಡುತ್ತಿದ್ದ ದನಿಯಲ್ಲೇ ತಿಳಿಹೇಳಿದ.

ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನಂತೆ. 2019ರಲ್ಲೇ ಪಾಸಾಯಿತು. ಆರು ಔನ್ಸಿಗಿಂತ ಕಡಿಮೆ ಹಿಡಿಯುವ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಶಾಂಪೂ ಗೀಂಪೂ ಇಡಕೂಡದು ಎಂದು 50ಕ್ಕಿಂತ ಹೆಚ್ಚು ರೂಮುಗಳ ಹೋಟೆಲಿಗೆ 2023ರ ಜನವರಿಯಿಂದ, ಚಿಕ್ಕವುಗಳಿಗೆ 2024ರಿಂದ ಕಟ್ಟಪ್ಪಣೆ. ನ್ಯೂಯಾರ್ಕಿನವರೂ 2025ರಿಂದ ಇದೇ ದಾರಿ ಹಿಡಿದರು. ಯುರೋಪಿನಲ್ಲಿ 2030ರಿಂದ. ದೊಡ್ಡ ದೊಡ್ಡ ಕಂಪನಿಗಳು ಅದಕ್ಕೂ ಮೊದಲೇ ಹೊರಟಿದ್ದವು. ಮ್ಯಾರಿಯಟ್‌ನವರು 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅವರೊಬ್ಬರಿಂದಲೇ ವರ್ಷಕ್ಕೆ 50 ಕೋಟಿ ಪುಟ್ಟ ಬಾಟಲಿ, ಸುಮಾರು 7.7 ಲಕ್ಷ ಕಿಲೋ ಪ್ಲಾಸ್ಟಿಕ್ ಕಸ ತಪ್ಪುತ್ತದೆ.

ಲೆಕ್ಕ ಅಂದಕೂಡಲೇ ನನ್ನೊಳಗಿನ ಇನ್‌ಸ್ಪೆಕ್ಟರು ಎದ್ದು ಕೂತ. ಭಾಗಿಸಿದೆ. ಬಾಟಲಿಗೆ ಒಂದೂವರೆ ಗ್ರಾಂ ಬಂತು. “ನೋಡಪ್ಪ, ನಮ್ಮ ಅಟ್ಟದ ಮೇಲಿರೋದು 140 ಬಾಟಲಿ. ಅಂದರೆ 210 ಗ್ರಾಂ ಪ್ಲಾಸ್ಟಿಕ್ ಯಾವ ಕಸದ ಗುಡ್ಡೆಗೂ ಹೋಗದ ಹಾಗೆ ನಾನೊಬ್ಬನೇ ತಡೆದಿದ್ದೇನೆ. ನನ್ನನ್ನ ಕಳ್ಳ ಅಂತೀಯಲ್ಲ?”

“ಅಟ್ಟವೇ ಕಸದ ಗುಡ್ಡೆ ಆಗಿದೆ” ಎಂದಳು ಇವಳು, ಒಳಗೆ ಬರುತ್ತಾ. ಬಂದವಳು ಬಚ್ಚಲಿಗೆ ಹೋಗಿ ಆ ಮೂರು ಬಾಟಲಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕೆ ಇಷ್ಟು ದೊಡ್ಡ ಕಾನೂನು ಬೇಕಿತ್ತಾ? ನಮ್ಮನೇಲಿ ಮೊದಲಿಂದ ನಡೀತಿರೋದೇ ಇದಲ್ಲವಾ!” ಅಂದಳು.

ಮಾತು ಸುಳ್ಳಲ್ಲ. ನಮ್ಮ ಬಚ್ಚಲಿನಲ್ಲಿರುವ ಶಾಂಪೂ ಬಾಟಲಿಯ ಮೇಲಿನ ಹೆಸರು ಅಳಿಸಿ ಯಾವ ಕಾಲವಾಯಿತೋ. ಇವಳು ಅದಕ್ಕೆ ದೊಡ್ಡ ಪ್ಯಾಕೆಟ್ಟಿನಿಂದ ಸುರಿದು ತುಂಬುತ್ತಾಳೆ, ತಳ ಕಂಡಾಗ ನೀರು ಹಾಕಿ ಕುಲುಕುತ್ತಾಳೆ, ಆಮೇಲೆ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸುತ್ತಾಳೆ. ಟೂತ್‌ಪೇಸ್ಟನ್ನು ಲಟ್ಟಣಿಗೆಯಲ್ಲಿ ಒತ್ತುತ್ತಾಳೆ. ಅಮ್ಮನಂತೂ ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸದೆ ಬಿಟ್ಟವಳಲ್ಲ. ನಮ್ಮನೆಯ ಸೋಪಿಗೆ ಸದಾ ಗೂನುಬೆನ್ನು. ಅಮೆರಿಕದ ಆರ್ಲ್ಯಾಂಡೊದಲ್ಲಿ 2009ರಲ್ಲಿ ಶುರುವಾದ ಕ್ಲೀನ್ ದ ವರ್ಲ್ಡ್ ಎಂಬ ಸಂಸ್ಥೆ ಹೋಟೆಲುಗಳಲ್ಲಿ ಜನ ಅರ್ಧ ಬಳಸಿ ಬಿಟ್ಟುಹೋದ ಸೋಪುಗಳನ್ನು ಒಟ್ಟುಮಾಡಿ, ಶುದ್ಧಗೊಳಿಸಿ, ಮತ್ತೆ ಸೋಪು ಒತ್ತಿ ಇಲ್ಲದವರಿಗೆ ಹಂಚುತ್ತದಂತೆ. ಒಳ್ಳೆಯ ಕೆಲಸ. ಇದನ್ನು ಹೇಳಿದಾಗ ಅಮ್ಮ ಕೇಳಿದ್ದು ಒಂದೇ: “ಅದಕ್ಕೆ ಸಂಬಳ ಕೊಡ್ತಾರೇನೋ?”

ಊರಿಗೆ ಮರಳಿದ ಮೇಲೆ ನನಗೆ ಜ್ಞಾನೋದಯವಾಯಿತು. ಜ್ಞಾನೋದಯವಾದ ಗಂಡಸು ಮನೆಗೆ ಅಪಾಯ. ಆನ್‌ಲೈನಿನಲ್ಲಿ ಮೂರು ಖಾನೆಯ ಡಿಸ್ಪೆನ್ಸರ್ ತರಿಸಿ, ಗೋಡೆ ಕೊರೆಯುವುದು ಬೇಡವೆಂದು ಅದರ ಜೊತೆ ಬಂದ ಅಂಟುಪಟ್ಟಿಯಲ್ಲೇ ಬಿಗಿದೆ. ಒಂದಕ್ಕೆ ಶಾಂಪೂ, ಒಂದಕ್ಕೆ ಬಾಡಿ ವಾಶ್, ಮೂರನೆಯದಕ್ಕೆ ಕಂಡೀಷನರ್. ಮನೆಯಲ್ಲಿ ಹಚ್ಚಿಕೊಳ್ಳುವವರು ಯಾರೂ ಇಲ್ಲದಿದ್ದರೂ ಖಾನೆ ಖಾಲಿ ಬಿಡಬಾರದಲ್ಲ. ಮೂರಕ್ಕೂ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಚೀಟಿ ಅಂಟಿಸಿದೆ.

ಎರಡನೇ ದಿನ ಇವಳು ಅಭ್ಯಾಸಬಲದಿಂದ ಶಾಂಪೂವಿಗೆ ನೀರು ಬೆರೆಸಿದಳು. ಒತ್ತಿದರೆ ಅಂಗೈಗೆ ಬೀಳದೆ ನೇರವಾಗಿ ಎದುರಿನ ಗೋಡೆಗೆ ಹಾರತೊಡಗಿತು. ನಾಲ್ಕನೇ ದಿನ ಅಮ್ಮ, ಇದ್ಯಾವುದೋ ಮೈಗೆ ಜಾರುವ ಹಾಳು ಅಂತ ಕಂಡೀಷನರನ್ನು ಚೆಲ್ಲಿ, ಸೀಗೆಪುಡಿ ಕಲಸಿ ತುಂಬಿಸಿಟ್ಟಳು. ಅದು ಮೂತಿಯಲ್ಲಿ ಹೆಪ್ಪುಗಟ್ಟಿತು. ಪಿನ್ನು, ಕಡ್ಡಿ, ಕೊನೆಗೆ ಸ್ವೆಟರಿನ ಸೂಜಿ ಹಾಕಿದರೂ ಬಿಡಲಿಲ್ಲ. ಒಂಬತ್ತನೇ ದಿನ ರಾತ್ರಿ ಮೂರು ಗಂಟೆಗೆ ಬಚ್ಚಲಿನಲ್ಲಿ ಧಡಾರ್ ಎಂದು ಸದ್ದಾಯಿತು. ಕಳ್ಳನಿರಬೇಕೆಂದು ಕೋಲು ಹಿಡಿದು ನುಗ್ಗಿದೆ. ಅಂಟು ಬಿಟ್ಟು ಡಿಸ್ಪೆನ್ಸರ್ ಬಕೆಟ್ಟಿನೊಳಗೆ ಬಿದ್ದಿತ್ತು. ನೆಲದ ತುಂಬ ಬಾಡಿ ವಾಶ್. ಕಳ್ಳನೇ ಆಗಿದ್ದರೂ ಅಲ್ಲಿ ನಿಲ್ಲುತ್ತಿರಲಿಲ್ಲ, ನಾನೂ ನಿಲ್ಲಲಿಲ್ಲ. ಹದಿನೈದು ದಿನ ಸೊಂಟಕ್ಕೆ ಬಿಸಿನೀರಿನ ಶಾಖ.

ಆ ಶಾಖದ ದಿನಗಳಲ್ಲಿ ಮಲಗಿದಲ್ಲೇ ಒಂದು ಸತ್ಯ ಹೊಳೆಯಿತು. ಹೋಟೆಲಿನ ಗೋಡೆಗೆ ಬಿಗಿದದ್ದು ಬೀಳದೆ ನಿಲ್ಲುವುದು ಅದನ್ನು ದಿನಾ ನೋಡಿಕೊಳ್ಳುವವರೊಬ್ಬರು ಇರುವುದರಿಂದ: ಮೂತಿ ಒರೆಸಿ, ಎಷ್ಟು ಉಳಿದಿದೆ ಎಂದು ನೋಡಿ, ಬೀಗ ತೆಗೆದು, ತುಂಬಿ, ಮತ್ತೆ ಬೀಗ ಹಾಕುವ ಹೌಸ್‌ಕೀಪಿಂಗಿನ ಹೆಂಗಸರು. ನಮ್ಮನೆಯಲ್ಲೂ ಅಂಥ ಒಬ್ಬಳಿದ್ದಾಳೆ. ನಾನು ಡಿಸ್ಪೆನ್ಸರ್ ತರಿಸುವ ಮೊದಲು ಅವಳನ್ನೊಂದು ಮಾತು ಕೇಳಿರಲಿಲ್ಲ.

ಈಗ ಆ ಮೂರು ಖಾನೆ ಅಡುಗೆಮನೆಯ ಸಿಂಕಿನ ಮೇಲಿದೆ. ಎರಡರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್, ಅದಕ್ಕೆ ಎಷ್ಟು ನೀರು ಬೆರೆಸಿದರೂ ಯಾರೂ ಕೇಳುವುದಿಲ್ಲ. ಸೀಗೆಪುಡಿಯ ಖಾನೆ ಇನ್ನೂ ಬಿಟ್ಟಿಲ್ಲ.

ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಾದ ಪ್ಲಾಸ್ಟಿಕ್ ಸಾಮಾನುಗಳ ಪಟ್ಟಿಯಲ್ಲಿ ಕಿವಿಕಡ್ಡಿ ಇದೆ, ಸ್ಟ್ರಾ ಇದೆ, ಬಲೂನಿನ ಕಡ್ಡಿಯೂ ಇದೆ. ಹೋಟೆಲಿನ ಪುಟ್ಟ ಬಾಟಲಿ ಇಲ್ಲ. ಹಾಗಾಗಿ ಕಳೆದ ತಿಂಗಳು ಒಂದು ಮದುವೆಗೆಂದು ಹೋಗಿ ಉಳಿದುಕೊಂಡಿದ್ದ ಕಡೆ ನಾಲ್ಕು ಬಾಟಲಿ, ಎರಡು ಸೋಪು ಇದ್ದವು. ನಾನು ಮುಟ್ಟಲಿಲ್ಲ. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ನನ್ನ ಬನಿಯನ್ನಿನೊಳಗೆ ಅವು ಸಿಕ್ಕವು. ಇಟ್ಟವರು ಯಾರೆಂದು ನಾನು ಕೇಳಿಲ್ಲ, ಇವಳು ಹೇಳಿಲ್ಲ. ದೋಸೆಹಿಟ್ಟಿಗೆ ಮಾತ್ರ ಹೊಸ ಕ್ಯಾಪು ಬಂದಿದೆ.

ಒಟ್ಟು ದಾಸ್ತಾನು: 144 ಬಾಟಲಿ, 63 ಸೋಪು, 19 ಬಾಚಣಿಗೆ, ಗುಂಡಿ ಸೂಜಿ ದಾರದ 11 ಪೊಟ್ಟಣ. ಬೇಕಾದವರು ಭಾನುವಾರ ಬೆಳಗ್ಗೆ ಹತ್ತರ ಮೇಲೆ ಬಂದು ಒಯ್ಯಬಹುದು, ಕಾಫಿಯನ್ನೂ ಕೊಡುತ್ತೇವೆ. ಶವರ್ ಕ್ಯಾಪ್ ಮಾತ್ರ ಕೇಳಬೇಡಿ.