ಒಳ್ಳೆ ಎಲೆ ಬಿದ್ದಾಗ

ಹದಿಮೂರು ಎಲೆಯ ರಮ್ಮಿಯಲ್ಲಿ ಎರಡು ಜೋಕರ್ ಬಂದ ಮಾತ್ರಕ್ಕೆ ಆಟ ಗೆದ್ದಂತಲ್ಲ. ಜೋಕರ್ ಸೇರದ ಒಂದು ಪ್ಯೂರ್ ಸೀಕ್ವೆನ್ಸ್ ಕೂಡುವವರೆಗೆ ಅವು ಬರೀ ಅಲಂಕಾರ. ಜೋಯಿಡಾದ ಮಳೆಯಲ್ಲಿ ಕರೆಂಟ್ ಹೋದಾಗ ಮೇಣದಬತ್ತಿಯ ಬೆಳಕಿಗೂ ಆಟಗಾರನ ಮೀಸೆಯಡಿಯ ನಗು ಕಾಣುತ್ತದೆ. ಎದುರಿನವರೆಲ್ಲ ತಕ್ಷಣ ಎಲೆ ಮಡಚುತ್ತಾರೆ. 101 ಪಾಯಿಂಟು ಮುಟ್ಟಿದವನು ಹೊರಬೀಳುವ ಆಟದಲ್ಲಿ ಮೊದಲೇ ಬಿಟ್ಟರೆ 20 ಪಾಯಿಂಟು, ನಡುವೆ ಬಿಟ್ಟರೆ 40, ಸಿಕ್ಕಿಬಿದ್ದರೆ 80ರವರೆಗೆ. 81 ಮುಟ್ಟಿದವನಿಗೆ ಬಿಡುವ ಭಾಗ್ಯವೂ ಇಲ್ಲ, ಕಸದಂಥ ಕೈಯನ್ನೂ ಆಡಲೇಬೇಕು. ಜೋಡಿಯಿಲ್ಲದ ರಾಜ, ರಾಣಿ ತಲಾ ಹತ್ತರ ಹೊರೆ. ಮೊದಲು ಎಸೆಯಬೇಕಾದವರು ಅವರೇ. ಆದರೆ ಹಳಿಯಾಳದ ಕಟ್ಟೆಯಿರಲಿ, ದಾಂಡೇಲಿಯ ಕ್ವಾರ್ಟರ್ಸ್ ಇರಲಿ, ರಾಣಿಯ ಮೋಹ ಸುಲಭಕ್ಕೆ ಬಿಡದು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಗೆದ್ದವರು ಅದನ್ನು ಒಪ್ಪುತ್ತಾರೆ. ಸೋತವರು ಎಲೆ ಕಲಸಿದವನನ್ನು ದುರುಗುಟ್ಟಿ ನೋಡುತ್ತಾರೆ.